ಥಾಯ್ ಸೇನೆಯ ಎರಡು ಹೆಸರು: ಒಳಗೆ ಒಂದು, ಹೊರಗೆ ಇನ್ನೊಂದು

ಇವತ್ತು ನಾನು ಮಾತಾಡೋಕೆ ಹೊರಟಿರೋದು ಒಂದು ಹೆಸರಿನ ಬಗ್ಗೆ. ಬರೀ ಒಂದು ಹೆಸರು. ಅದಕ್ಕೆ ಇಡೀ ಕಂತು ಬೇಕಾ ಅಂತ ಕೇಳಬಹುದು. ಬೇಕು. ಯಾಕೆ ಅನ್ನೋದು ಕೇಳ್ತಾ ಕೇಳ್ತಾ ನಿಮಗೇ ಗೊತ್ತಾಗುತ್ತೆ.

2014ರ ಮೇ 22. ಥಾಯ್ಲೆಂಡ್‌ನ ರಾಜಧಾನಿ ಬ್ಯಾಂಕಾಕ್. ಆ ಸಂಜೆ ಟಿವಿ ಹಾಕಿದವರಿಗೆ ಧಾರಾವಾಹಿ ಇಲ್ಲ, ಎಂದಿನ ಸುದ್ದಿ ಇಲ್ಲ, ಜಾಹೀರಾತೂ ಇಲ್ಲ. ಎಲ್ಲ ಚಾನೆಲ್‌ನಲ್ಲೂ ಒಂದೇ ಚಿತ್ರ: ಸೇನೆಯ ಲಾಂಛನಗಳು, ಹಿನ್ನೆಲೆಯಲ್ಲಿ ದೇಶಭಕ್ತಿ ಗೀತೆ. ಸೇನೆಯ ಮುಖ್ಯಸ್ಥ ಜನರಲ್ ಪ್ರಯುತ್ ಚಾನ್‌ ಓಚಾ ತೆರೆ ಮೇಲೆ ಬಂದು, ದೇಶದ ಆಡಳಿತವನ್ನು ನಾವು ಕೈಗೆ ತೆಗೆದುಕೊಂಡಿದ್ದೇವೆ ಎಂದು ಘೋಷಿಸಿದರು. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಕರ್ಫ್ಯೂ. 1932ರಿಂದ ಈಚೆಗೆ ಥಾಯ್ಲೆಂಡ್‌ನಲ್ಲಿ ಹೀಗೆ ಸೇನೆ ಯಶಸ್ವಿಯಾಗಿ ಅಧಿಕಾರ ಹಿಡಿದದ್ದು ಇದು ಹನ್ನೆರಡನೇ ಸಲ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.

ಹೀಗೆ ಅಧಿಕಾರ ಹಿಡಿದ ಸೇನೆ ಮೊದಲು ಮಾಡುವ ಕೆಲಸ ಏನು ಗೊತ್ತಾ? ರೇಡಿಯೊ, ಟಿವಿ ಹಿಡಿಯೋದು, ಸಂವಿಧಾನ ರದ್ದು ಮಾಡೋದು, ಇವೆಲ್ಲ ಸರಿ. ಆದರೆ ಅದರ ಜೊತೆಜೊತೆಗೇ ಇನ್ನೊಂದು ಕೆಲಸ ಆಗಬೇಕು. ತನಗೊಂದು ಹೆಸರು ಇಟ್ಟುಕೊಳ್ಳಬೇಕು. ಹೆಸರಿಲ್ಲದೆ ಆದೇಶ ಹೊರಡಿಸೋಕೆ ಆಗಲ್ಲ. "ನಾವು ಬಂದೂಕು ಹಿಡಿದವರು, ಹೇಳಿದ್ದು ಕೇಳಿ" ಅಂತ ಯಾವ ಸೇನೆಯೂ ಕಾಗದದ ಮೇಲೆ ಬರೆಯಲ್ಲ. ಹಾಗಾಗಿ ಒಂದು ಹೆಸರು. ಥಾಯ್ಲೆಂಡ್‌ನಲ್ಲಿ ಆದರೆ ಎರಡು ಹೆಸರು. ಮನೆಯೊಳಗಿನವರಿಗೆ ಥಾಯ್ ಭಾಷೆಯಲ್ಲಿ ಒಂದು, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಇನ್ನೊಂದು.

ಇಂಗ್ಲಿಷ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು: ನ್ಯಾಷನಲ್ ಕೌನ್ಸಿಲ್ ಫಾರ್ ಪೀಸ್ ಅಂಡ್ ಆರ್ಡರ್. ಚಿಕ್ಕದಾಗಿ ಎನ್‌ಸಿಪಿಒ. ಕನ್ನಡದಲ್ಲಿ ಹೇಳೋದಾದರೆ, ರಾಷ್ಟ್ರೀಯ ಶಾಂತಿ ಮತ್ತು ಸುವ್ಯವಸ್ಥಾ ಮಂಡಳಿ. ಕೇಳೋಕೆ ಯಾವುದೋ ಸರ್ಕಾರಿ ಇಲಾಖೆ ಥರ ಇದೆ ಅಲ್ವಾ? ಶಾಂತಿ ಇದೆ, ಸುವ್ಯವಸ್ಥೆ ಇದೆ, ಮಂಡಳಿ ಇದೆ. ಬಂದೂಕು ಎಲ್ಲೂ ಇಲ್ಲ.

ಈಗ ಥಾಯ್ ಹೆಸರು ಕೇಳಿ. ನಿಧಾನಕ್ಕೆ ಹೇಳ್ತೀನಿ: ಖನ ರಕ್ಸಾ ಖ್ವಾಮ್ ಸಙೋಪ್ ಹೆಂಗ್ ಚಾತ್.

ಗಾಬರಿ ಬೇಡ. ಕನ್ನಡ ಗೊತ್ತಿರೋ ನಮಗೆ ಇದರಲ್ಲಿ ಅರ್ಧ ಈಗಾಗಲೇ ಗೊತ್ತು. ಥಾಯ್ ಭಾಷೆ ನಮ್ಮ ಭಾಷಾ ಕುಟುಂಬದ್ದಲ್ಲ, ಆದರೆ ಬೌದ್ಧ ಧರ್ಮದ ಜೊತೆ, ರಾಜಾಸ್ಥಾನಗಳ ಜೊತೆ ಪಾಲಿ ಮತ್ತು ಸಂಸ್ಕೃತದ ಸಾವಿರಾರು ಪದಗಳು ಅಲ್ಲಿಗೆ ಹೋಗಿ ನೆಲೆಸಿವೆ. ಉಚ್ಚಾರ ಬದಲಾಗಿದೆ, ಕೆಲವು ಸಲ ಅರ್ಥವೂ. ಒಂದೊಂದೇ ಬಿಡಿಸೋಣ.

ಮೊದಲ ಪದ "ಖನ". ಇದು ನಮ್ಮ "ಗಣ". ಶಿವಗಣ, ಗಣಪತಿ, ಗಣರಾಜ್ಯ ಅಂತೀವಲ್ಲ, ಅದೇ. ಥಾಯ್ ಭಾಷೆಯಲ್ಲೂ ಇದಕ್ಕೆ ಗುಂಪು, ತಂಡ, ಬಳಗ ಅನ್ನೋ ಅರ್ಥ. ವಿಶ್ವವಿದ್ಯಾಲಯದ ನಿಕಾಯಕ್ಕೂ ಅಲ್ಲಿ "ಖನ" ಅಂತಲೇ ಹೇಳೋದು. ಬ್ಯಾಂಕಾಕ್‌ನ ಚುಲಲಾಂಗ್‌ಕಾರ್ನ್ ವಿಶ್ವವಿದ್ಯಾಲಯದ ಕಲಾ ನಿಕಾಯದ ಹೆಸರು "ಖನ ಅಕ್ಸೊರಸಾತ್", ಅಂದರೆ ಅಕ್ಷರಶಾಸ್ತ್ರದ ಗಣ. ಎಷ್ಟು ಚೆನ್ನಾಗಿದೆ ನೋಡಿ. ಸಚಿವ ಸಂಪುಟವೂ ಒಂದು ಖನವೇ. ಸರ್ಕಸ್ ತಂಡವೂ ಖನ.

ಎರಡನೆಯದು "ರಕ್ಸಾ". ಇದು ರಕ್ಷೆ. ಕಾಪಾಡು, ಕಾಯ್ದುಕೋ. ಥಾಯ್‌ನಲ್ಲಿ ಇದಕ್ಕೆ ಇನ್ನೊಂದು ಅರ್ಥವೂ ಇದೆ: ಚಿಕಿತ್ಸೆ ಕೊಡು. "ರಕ್ಸಾ ರೋಕ್" ಅಂದರೆ ರೋಗಕ್ಕೆ ಚಿಕಿತ್ಸೆ. ದೇಶವನ್ನು ರೋಗಿ ಅಂತ ಭಾವಿಸಿ ತಾವೇ ವೈದ್ಯರು ಅಂದುಕೊಳ್ಳುವ ಸೇನಾಧಿಕಾರಿಗಳಿಗೆ ಈ ಪದ ಎಷ್ಟು ಹೊಂದುತ್ತೆ ಅಂತ ನಾನೇನೂ ಹೇಳಬೇಕಾಗಿಲ್ಲ.

ಕೊನೆಯ ಪದ "ಚಾತ್". ಇದು ನಮ್ಮ "ಜಾತಿ". ಹೌದು, ಅದೇ ಜಾತಿ! ಆದರೆ ಥಾಯ್ಲೆಂಡ್‌ನಲ್ಲಿ ಅದಕ್ಕೆ ರಾಷ್ಟ್ರ ಅನ್ನೋ ಅರ್ಥ. ಆಶ್ಚರ್ಯ ಬೇಡ, ಬಂಗಾಳಿಯಲ್ಲೂ ಹೀಗೇ. ಬಾಂಗ್ಲಾದೇಶದ ಸಂಸತ್ತಿನ ಹೆಸರು ಜಾತೀಯ ಸಂಸದ್, ಅಂದರೆ ರಾಷ್ಟ್ರೀಯ ಸಂಸತ್ತು. ಒಟ್ಟಿಗೆ ಹುಟ್ಟಿದವರು ಅನ್ನೋ ಮೂಲ ಅರ್ಥ ಒಂದು ಕಡೆ ದೇಶವಾಗಿ ಹಿಗ್ಗಿತು, ನಮ್ಮ ಕಡೆ ಬೇರೇನೋ ಆಯಿತು.

"ಹೆಂಗ್" ಅಂದರೆ "ನ, ರ" ಅನ್ನೋ ಷಷ್ಠಿ ವಿಭಕ್ತಿ ಥರ. "ಖ್ವಾಮ್" ಭಾವನಾಮ ಮಾಡುವ ಪೂರ್ವಪ್ರತ್ಯಯ, ನಮ್ಮ "ತನ, ತೆ" ಇದ್ದ ಹಾಗೆ. ಹಾಗಾದರೆ ಉಳಿದದ್ದು ಒಂದೇ ಪದ: ಸಙೋಪ್. ವರ್ಣಮಾಲೆಯಲ್ಲಿ ಕಲಿತು ಮರೆತುಬಿಡೋ ನಮ್ಮ "ಙ" ಅಕ್ಷರ ಕೊನೆಗೂ ಇಲ್ಲಿ ಕೆಲಸಕ್ಕೆ ಬಂತು. ಈ ಪದ ಸಂಸ್ಕೃತದ್ದಲ್ಲ, ಪಕ್ಕದ ಕಾಂಬೋಡಿಯಾದ ಖ್ಮೇರ್ ಭಾಷೆಯ ನಂಟಿನದು. ಇಡೀ ಕಥೆಯ ಗುಟ್ಟು ಇರೋದು ಇದೇ ಪದದಲ್ಲಿ.

ಇಂಗ್ಲಿಷ್ ಹೆಸರಿನ "ಪೀಸ್" ಇದರ ಅನುವಾದ. ಆದರೆ ಥಾಯ್ ಭಾಷೆಯಲ್ಲಿ ಇಂಗ್ಲಿಷಿನ ಪೀಸ್‌ಗೆ ಎರಡು ಪದ ಇವೆ. ಒಂದು "ಸಂತಿಪಾಪ್". ಕಿವಿಗೊಟ್ಟು ಕೇಳಿ: ಶಾಂತಿ, ಭಾವ. ಶಾಂತಿಭಾವ. ಯುದ್ಧ ಇಲ್ಲದಿರೋದು, ದೇಶ ದೇಶಗಳ ನಡುವಿನ ಶಾಂತಿ, ಶಾಂತಿ ಪ್ರಶಸ್ತಿ, ಇವಕ್ಕೆಲ್ಲ ಸಂತಿಪಾಪ್. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಥಾಯ್‌ನಲ್ಲಿ ಹೇಳುವಾಗ "ರಕ್ಸಾ ಸಂತಿಪಾಪ್" ಅನ್ನುತ್ತಾರೆ, ಶಾಂತಿಯ ರಕ್ಷಣೆ.

ಸಙೋಪ್ ಬೇರೆ. ಅದು ಗದ್ದಲ ಇಲ್ಲದಿರೋದು. ಅಲೆ ನಿಂತ ಕೆರೆ, ಮಳೆ ನಿಂತ ರಾತ್ರಿ, ಧ್ಯಾನಕ್ಕೆ ಕೂತಾಗ ತಿಳಿಯಾದ ಮನಸ್ಸು. ಬೌದ್ಧರ ನಾಡಿನಲ್ಲಿ ಇದು ಒಳ್ಳೆಯ ಪದವೇ, "ಚಿತ್ ಸಙೋಪ್" ಅಂದರೆ ಚಿತ್ತ ಶಾಂತವಾಗಿರೋದು. ಹಾಗಾಗಿ ಸೇನೆ ಕೆಟ್ಟ ಪದ ಆರಿಸಿಕೊಂಡಿತು ಅನ್ನೋಕೆ ಆಗಲ್ಲ. ಆದರೆ ಮನಸ್ಸನ್ನು ನಾನೇ ಶಾಂತ ಮಾಡಿಕೊಳ್ಳೋದು ಒಂದು. ಆರೂವರೆ ಕೋಟಿಗೂ ಹೆಚ್ಚು ಜನರ ದೇಶವನ್ನು ಹೊರಗಿನಿಂದ ಒಬ್ಬರು ಸುಮ್ಮನಿರಿಸೋದು ಇನ್ನೊಂದು. ಮೇಷ್ಟರು ಬೆತ್ತ ಹಿಡಿದು ಒಳಗೆ ಬಂದಾಗ ತರಗತಿಯಲ್ಲಿ ಒಂದು ಮೌನ ಆವರಿಸುತ್ತಲ್ಲ, ಅದೂ ಸಙೋಪ್. ಅದನ್ನು ಶಾಂತಿ ಅಂತ ಕರೀತೀರಾ ನೀವು?

ಹಾಗಾದರೆ ಥಾಯ್ ಹೆಸರನ್ನು ನೇರವಾಗಿ ಕನ್ನಡಕ್ಕೆ ತಂದರೆ ಏನಾಗುತ್ತೆ? "ರಾಷ್ಟ್ರದ ನೆಮ್ಮದಿ ಕಾಯುವ ಗಣ". ಇನ್ನೂ ಬಿಗಿಯಾಗಿ ಹೇಳಿದರೆ, "ದೇಶದಲ್ಲಿ ಸದ್ದಾಗದಂತೆ ನೋಡಿಕೊಳ್ಳುವ ತಂಡ". ಈಗ ಮತ್ತೆ ಇಂಗ್ಲಿಷ್ ಹೆಸರಿನ ಪಕ್ಕ ಇಟ್ಟು ನೋಡಿ. ಮೂರು ಜಾಗದಲ್ಲಿ ಏನೋ ಆಗಿದೆ. "ತಂಡ" ಇದ್ದದ್ದು "ಕೌನ್ಸಿಲ್" ಆಗಿದೆ. "ಸದ್ದಿಲ್ಲದಿರುವಿಕೆ" ಇದ್ದದ್ದು "ಪೀಸ್" ಆಗಿದೆ. ಇನ್ನೊಂದು? "ಆರ್ಡರ್" ಅನ್ನೋ ಪದ. ಅದು ಥಾಯ್ ಹೆಸರಿನಲ್ಲಿ ಇಲ್ಲವೇ ಇಲ್ಲ! ಎಲ್ಲಿಂದ ಬಂತು ಅದು?

ಇದಕ್ಕೆ ಉತ್ತರ ಹುಡುಕೋಕೆ ನಾವು 1991ಕ್ಕೆ ಹೋಗಬೇಕು.

1991ರ ಫೆಬ್ರವರಿ 23. ಪ್ರಧಾನಿ ಚಾತಿಚಾಯ್ ಚುನ್‌ಹವಾನ್ ಅವರು ವಿಮಾನ ಹತ್ತಿ ಕೂತಿದ್ದಾಗಲೇ ಸೇನೆ ಅವರನ್ನು ಹಿಡಿಯಿತು. ಭ್ರಷ್ಟಾಚಾರದ ಆರೋಪ. ಆಗ ಸೇನೆ ಇಟ್ಟುಕೊಂಡ ಥಾಯ್ ಹೆಸರು: ಖನ ರಕ್ಸಾ ಖ್ವಾಮ್ ಸಙೋಪ್ ರಿಯಪ್‌ರೋಯ್ ಹೆಂಗ್ ಚಾತ್. 2014ರ ಹೆಸರಿನ ಜೊತೆ ಹೋಲಿಸಿ. ಒಂದೇ ಒಂದು ಪದ ಹೆಚ್ಚು: ರಿಯಪ್‌ರೋಯ್.

ರಿಯಪ್‌ರೋಯ್ ಅಂದರೆ ಅಚ್ಚುಕಟ್ಟು. ತಲೆ ಬಾಚಿ, ಅಂಗಿ ಒಳಗೆ ಸೇರಿಸಿ, ಹಿರಿಯರ ಮುಂದೆ ತಗ್ಗಿ ಬಗ್ಗಿ ನಡೆಯೋ ವಿದ್ಯಾರ್ಥಿ ರಿಯಪ್‌ರೋಯ್. ಒಂದು ಕೆಲಸ ಸರಿಯಾಗಿ ಮುಗಿದರೆ "ರಿಯಪ್‌ರೋಯ್ ಆಯ್ತು" ಅನ್ನುತ್ತಾರೆ. ಸಙೋಪ್ ಜೊತೆ ಸೇರಿದಾಗ ಅದೊಂದು ಕಾನೂನಿನ ಪದಗುಚ್ಛವೂ ಆಗುತ್ತೆ. ಥಾಯ್ ಸಿವಿಲ್ ಸಂಹಿತೆಯ 150ನೇ ಕಲಮಿನಲ್ಲಿ ಇದು ಬರುತ್ತೆ, ಅಲ್ಲಿ ಅದರ ಅರ್ಥ ಸಾರ್ವಜನಿಕ ಸುವ್ಯವಸ್ಥೆ. ಅಂದರೆ ಇಂಗ್ಲಿಷಿನ "ಆರ್ಡರ್"ಗೆ ನಿಜವಾದ ಥಾಯ್ ಜೋಡಿ ರಿಯಪ್‌ರೋಯ್.

ಆದರೆ 1991ರಲ್ಲಿ ಇಂಗ್ಲಿಷಿಗೆ ಏನಂತ ಅನುವಾದಿಸಿದರು? ನ್ಯಾಷನಲ್ ಪೀಸ್‌ ಕೀಪಿಂಗ್ ಕೌನ್ಸಿಲ್. ಆರ್ಡರ್ ಮಾಯ! ಪೀಸ್‌ಕೀಪಿಂಗ್ ಅನ್ನೋದು ಆಗ ಎಂಥ ಪದ ಅಂತ ನೆನಪಿಸಿಕೊಳ್ಳಿ. ಕೇವಲ ಮೂರು ವರ್ಷದ ಹಿಂದೆ, 1988ರಲ್ಲಿ, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತ್ತು. ಥಾಯ್‌ನಲ್ಲಿ ವಿಶ್ವಸಂಸ್ಥೆಯ ಪಡೆಗೆ ಸಂತಿಪಾಪ್, ಸೇನೆಯ ಗಣಕ್ಕೆ ಸಙೋಪ್, ಎರಡೂ ಬೇರೆ ಬೇರೆ. ಇಂಗ್ಲಿಷಿಗೆ ಬಂದ ಕೂಡಲೇ ಎರಡೂ ಒಂದೇ ಪೀಸ್. ನೀಲಿ ಹೆಲ್ಮೆಟ್ಟಿನ ಗೌರವದಲ್ಲಿ ಒಂದಿಷ್ಟು ಇವರ ತಲೆ ಮೇಲೂ ಬಂದು ಕೂತಿತು. ಅನುವಾದಕರು ಅದನ್ನು ಬೇಕೆಂತಲೇ ಮಾಡಿದರೋ ಇಲ್ಲವೋ, ಪರಿಣಾಮ ಮಾತ್ರ ಅದೇ.

ಆ ಶಾಂತಿಪಾಲಕರ ಕಥೆ ಹೇಗೆ ಮುಗೀತು? 1992ರ ಮಾರ್ಚ್‌ನಲ್ಲಿ ಚುನಾವಣೆ ಆಯ್ತು. ನಾನು ಪ್ರಧಾನಿ ಆಗೋದಿಲ್ಲ ಅಂದಿದ್ದ ಜನರಲ್ ಸುಚಿಂದಾ ಕ್ರಾಪ್ರಯೂನ್ ಏಪ್ರಿಲ್‌ನಲ್ಲಿ ಪ್ರಧಾನಿ ಆದರು. ದೇಶಕ್ಕಾಗಿ ಮಾತು ತಪ್ಪಬೇಕಾಯಿತು ಅನ್ನೋದು ಅವರ ಸಮರ್ಥನೆ. ಜನ ಬೀದಿಗೆ ಬಂದರು. ಮೇ 17ರಿಂದ 20ರವರೆಗೆ ಬ್ಯಾಂಕಾಕ್‌ನ ರಾಚದಮ್ನೋನ್ ರಸ್ತೆಯಲ್ಲಿ ಸೈನಿಕರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿದರು. ಸರ್ಕಾರಿ ಲೆಕ್ಕದಲ್ಲೇ ಸತ್ತವರು 52. ಕಾಣೆಯಾದವರು ಬೇರೆ. ಈ ಘಟನೆಯನ್ನು ಕರಾಳ ಮೇ ಅಂತ ಕರೀತಾರೆ. ಮೇ 24ರಂದು ಸುಚಿಂದಾ ರಾಜೀನಾಮೆ ಕೊಟ್ಟರು. ಥಾಯ್ ಜನರ ನೆನಪಿನಲ್ಲಿ 1991ರ ಆ ಹೆಸರು, ಅದರ ಚಿಕ್ಕ ರೂಪ "ರೊ ಸೊ ಚೊ", ಗುಂಡಿನ ಸದ್ದಿನ ಜೊತೆ ಅಂಟಿಕೊಂಡುಬಿಟ್ಟಿತು.

ಈಗ 2014ಕ್ಕೆ ವಾಪಸ್ ಬನ್ನಿ. ಮೇ 22ಕ್ಕೆ ಎರಡು ದಿನ ಮೊದಲು, ಮೇ 20ರ ಬೆಳಗಿನ ಜಾವ 3 ಗಂಟೆಗೆ ಸೇನೆ ಮಾರ್ಷಲ್ ಲಾ ಹೇರಿತ್ತು. ಇದು ಅಧಿಕಾರ ಹಿಡಿಯೋದಲ್ಲ ಅಂತ ಆಗ ಹೇಳಿತ್ತು. ಅದಕ್ಕಾಗಿ ಒಂದು ಕಮಾಂಡ್ ರಚಿಸಿತ್ತು. ಅದರ ಥಾಯ್ ಹೆಸರಿನಲ್ಲಿ "ಸಙೋಪ್ ರಿಯಪ್‌ರೋಯ್" ಎರಡೂ ಇತ್ತು. ಇಂಗ್ಲಿಷಿನಲ್ಲಿ ಪೀಸ್ ಅಂಡ್ ಆರ್ಡರ್ ಮೇಂಟೇನಿಂಗ್ ಕಮಾಂಡ್. ಪದಕ್ಕೆ ಪದ ಸರಿಯಾಗಿದೆ. ಎರಡು ದಿನ ಆದ ಮೇಲೆ ನಿಜವಾಗಿಯೂ ಅಧಿಕಾರ ಹಿಡಿದರು. ಇಂಗ್ಲಿಷ್ ಹೆಸರು ಮೊದಲಿಗೆ ನ್ಯಾಷನಲ್ ಪೀಸ್ ಅಂಡ್ ಆರ್ಡರ್ ಮೇಂಟೇನಿಂಗ್ ಕೌನ್ಸಿಲ್ ಅಂತಾಯ್ತು. ಕೆಲವೇ ದಿನಗಳಲ್ಲಿ ಅದನ್ನು ಸ್ವಲ್ಪ ಇಸ್ತ್ರಿ ಮಾಡಿ ನ್ಯಾಷನಲ್ ಕೌನ್ಸಿಲ್ ಫಾರ್ ಪೀಸ್ ಅಂಡ್ ಆರ್ಡರ್ ಅಂತ ಮಾಡಿದರು. ಥಾಯ್ ಹೆಸರಿನಲ್ಲಿ ಮಾತ್ರ ರಿಯಪ್‌ರೋಯ್ ಬಿಟ್ಟುಹೋಗಿತ್ತು.

ಯಾಕೆ ಬಿಟ್ಟರು? ನನ್ನ ಓದು ಹೀಗಿದೆ. ರಿಯಪ್‌ರೋಯ್ ಉಳಿಸಿಕೊಂಡಿದ್ದರೆ ಥಾಯ್ ಹೆಸರು ಅಕ್ಷರಕ್ಷರ 1991ರ ಹೆಸರೇ ಆಗಿಬಿಡುತ್ತಿತ್ತು. ಟಿವಿ ನೋಡ್ತಾ ಕೂತ ಪ್ರತಿಯೊಬ್ಬ ಥಾಯ್ ಪ್ರಜೆಗೂ ಆ ಕ್ಷಣದಲ್ಲೇ ರಾಚದಮ್ನೋನ್ ರಸ್ತೆ ನೆನಪಾಗುತ್ತಿತ್ತು. ಅದು ಬೇಡವಾಗಿತ್ತು. ಇಂಗ್ಲಿಷ್ ಓದುವ ಹೊರಗಿನವರಿಗೆ ಆ ತೊಂದರೆ ಇಲ್ಲ, ಯಾಕೆಂದರೆ 1991ರ ಇಂಗ್ಲಿಷ್ ಹೆಸರಿನಲ್ಲಿ ಆರ್ಡರ್ ಇರಲೇ ಇಲ್ಲ. ಹಾಗಾಗಿ ಮೇ 20ರ ಕಮಾಂಡಿನ ಹೆಸರಿನಲ್ಲಿದ್ದ ಆರ್ಡರ್ ಇಂಗ್ಲಿಷಿನಲ್ಲಿ ಹಾಗೇ ಮುಂದುವರಿಯಿತು.

ಎಂಥ ವಿಚಿತ್ರ ನೋಡಿ. 1991ರಲ್ಲಿ ಥಾಯ್ ಹೆಸರಿನಲ್ಲಿ ಸುವ್ಯವಸ್ಥೆ ಇತ್ತು, ಇಂಗ್ಲಿಷಿನಲ್ಲಿ ಇರಲಿಲ್ಲ. 2014ರಲ್ಲಿ ಇಂಗ್ಲಿಷಿನಲ್ಲಿ ಇತ್ತು, ಥಾಯ್‌ನಲ್ಲಿ ಇರಲಿಲ್ಲ. ಇಂಗ್ಲಿಷ್ ಮಾತ್ರ ಓದಿದವರಿಗೆ ಇವೆರಡೂ ಬೇರೆ ಬೇರೆ ಸಂಸ್ಥೆ. ಥಾಯ್ ಓದುವವರಿಗೆ ಅಣ್ಣ ತಮ್ಮ. ಎರಡು ದಶಕದ ಅಂತರದಲ್ಲಿ ಒಂದೇ ಹೆಸರನ್ನು ಸ್ವಲ್ಪ ಕತ್ತರಿಸಿ ಮತ್ತೆ ತೊಟ್ಟಿದ್ದಾರೆ ಅನ್ನೋದು ಅನುವಾದದಲ್ಲಿ ಪೂರ್ತಿ ಮುಚ್ಚಿಹೋಗುತ್ತೆ.

ಇದು ಒಂದು ಸಲದ ಕಥೆಯಾಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಇನ್ನೂ ಮೂರು ಉದಾಹರಣೆ ಹೇಳ್ತೀನಿ.

1958ರಲ್ಲಿ ಫೀಲ್ಡ್ ಮಾರ್ಷಲ್ ಸರಿತ್ ಥನರತ್ ಅಧಿಕಾರ ಹಿಡಿದಾಗ ತಮ್ಮ ಗುಂಪನ್ನು "ಖನ ಪತಿವತ್" ಅಂತ ಕರೆದರು. ಪತಿವತ್ ಅಂದರೆ ಕ್ರಾಂತಿ. ಸಂವಿಧಾನ ರದ್ದು ಮಾಡಿದ್ದೇ ಕ್ರಾಂತಿ! 1971ರ ನವೆಂಬರ್‌ನಲ್ಲಿ ಫೀಲ್ಡ್ ಮಾರ್ಷಲ್ ಥನೋಮ್ ಕಿತ್ತಿಕಚೊರ್ನ್ ತಾವೇ ನಡೆಸುತ್ತಿದ್ದ ಸರ್ಕಾರದ ವಿರುದ್ಧ ತಾವೇ ಅಧಿಕಾರ ಹಿಡಿದಾಗಲೂ ಅದೇ ಹೆಸರು, ಕ್ರಾಂತಿ ಗಣ. ಆದರೆ 1972ರಲ್ಲಿ ಆ ಗಣ ವಿದೇಶಿಯರ ವ್ಯಾಪಾರಕ್ಕೆ ಮಿತಿ ಹಾಕುವ 281ನೇ ಪ್ರಕಟಣೆ ಹೊರಡಿಸಿತಲ್ಲ, ಅದರ ಇಂಗ್ಲಿಷ್ ರೂಪದಲ್ಲಿ ಕ್ರಾಂತಿಯ ಸುಳಿವೇ ಇಲ್ಲ. ಅಲ್ಲಿ ಇರೋದು ನ್ಯಾಷನಲ್ ಎಕ್ಸಿಕ್ಯುಟಿವ್ ಕೌನ್ಸಿಲ್. ಬಂಡವಾಳ ಹಾಕಲು ಬರುವ ವಿದೇಶಿ ಕಂಪನಿಯ ವಕೀಲರಿಗೆ ಕ್ರಾಂತಿ ಅನ್ನೋ ಪದ ತೋರಿಸಿದರೆ ಹೇಗಿರುತ್ತೆ? ಎಕ್ಸಿಕ್ಯುಟಿವ್ ಕೌನ್ಸಿಲ್ ಅಂದರೆ ಧೈರ್ಯ ಬರುತ್ತೆ. ಆ ಪ್ರಕಟಣೆ 1999ರಲ್ಲಿ ಹೊಸ ಕಾಯ್ದೆ ಬರುವವರೆಗೂ ಜಾರಿಯಲ್ಲಿತ್ತು. ಅಂದರೆ ಆ ಗಣ ಹೋಗಿ ಕಾಲು ಶತಮಾನ ಕಳೆದರೂ ಅದರ ಹೆಸರು ಕಡತಗಳಲ್ಲಿ ಬದುಕಿತ್ತು.

ಎರಡನೇ ಉದಾಹರಣೆ 2006ರದ್ದು. ಸೆಪ್ಟೆಂಬರ್ 19ರ ರಾತ್ರಿ, ಪ್ರಧಾನಿ ಥಕ್ಸಿನ್ ಶಿನವಾತ್ರ ವಿಶ್ವಸಂಸ್ಥೆಯ ಸಭೆಗೆ ನ್ಯೂಯಾರ್ಕ್‌ಗೆ ಹೋಗಿದ್ದಾಗ ಬ್ಯಾಂಕಾಕ್‌ನಲ್ಲಿ ಟ್ಯಾಂಕ್‌ಗಳು ರಸ್ತೆಗೆ ಇಳಿದವು. ಆಗಿನ ಹೆಸರು ಭಾರೀ ಉದ್ದ. ಅದರಲ್ಲಿ ಬರುವ ಪದಗಳನ್ನು ಕನ್ನಡದ ಕಿವಿಗೆ ತಾಗುವ ಹಾಗೆ ಹೇಳ್ತೀನಿ: ಗಣ, ಪ್ರತಿರೂಪ, ಪ್ರಜಾಧಿಪತ್ಯ, ಮಹಾಕ್ಷತ್ರಿಯ, ಪ್ರಮುಖ. ಅರ್ಥ: ಮಹಾರಾಜರು ಪ್ರಮುಖರಾಗಿರುವ ಪ್ರಜಾಧಿಪತ್ಯ ವ್ಯವಸ್ಥೆಯಲ್ಲಿ ಆಡಳಿತವನ್ನು ಸುಧಾರಿಸುವ ಗಣ. ನಮಗೆ ಪ್ರತಿರೂಪ ಅಂದರೆ ಪಡಿಯಚ್ಚು, ಅವರಿಗೆ ಸುಧಾರಣೆ.

ಇಂಗ್ಲಿಷಿನಲ್ಲಿ ಅದು ಮೊದಲು ಕೌನ್ಸಿಲ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ ಅಂಡರ್ ಕಾನ್‌ಸ್ಟಿಟ್ಯೂಷನಲ್ ಮೊನಾರ್ಕಿ ಅಂತಿತ್ತು. ಸ್ವಲ್ಪ ದಿನದಲ್ಲೇ ಕೊನೆಯ ತುಂಡನ್ನು, ಅಂದರೆ ಅರಸೊತ್ತಿಗೆಯ ಭಾಗವನ್ನು ಕತ್ತರಿಸಿದರು. ಕಾರಣವನ್ನೂ ಕೊಟ್ಟರು: ಅರಸರ ಪಾತ್ರದ ಬಗ್ಗೆ ವಿದೇಶಿಯರು ತಪ್ಪು ತಿಳಿಯಬಾರದು. ಆದರೆ ಥಾಯ್ ಹೆಸರನ್ನು ಮುಟ್ಟಲಿಲ್ಲ! ದೇಶದೊಳಗೆ ಆ ಪದಗಳು ಬೇಕಿತ್ತು, ಅವು ಗುಂಪಿಗೆ ಅಧಿಕೃತತೆ ಕೊಡುತ್ತಿದ್ದವು. ಹೊರಗೆ ಅವೇ ಪದಗಳು ಮುಜುಗರ. ಒಂದೇ ಹೆಸರು, ಇಬ್ಬರು ಓದುಗರು, ಎರಡು ಲೆಕ್ಕಾಚಾರ. ಎರಡು ಹೆಸರುಗಳ ಕೆಲಸ ಬೇರೆ ಬೇರೆ ಅನ್ನೋದಕ್ಕೆ ಇದಕ್ಕಿಂತ ನೇರ ಸಾಕ್ಷಿ ನನಗೆ ಸಿಕ್ಕಿಲ್ಲ.

ಮೂರನೆಯದು ಪಕ್ಕದ ಬರ್ಮಾದ್ದು. 1988ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸೇನೆ ಇಂಗ್ಲಿಷಿನಲ್ಲಿ ಇಟ್ಟುಕೊಂಡ ಹೆಸರಿನ ಅರ್ಥ ರಾಜ್ಯದ ಕಾನೂನು ಸುವ್ಯವಸ್ಥೆ ಮರುಸ್ಥಾಪನಾ ಮಂಡಳಿ. ಅದರ ಮೊದಲ ಅಕ್ಷರಗಳನ್ನು ಸೇರಿಸಿದರೆ "ಸ್ಲಾರ್ಕ್". ಸಿನಿಮಾದ ರಾಕ್ಷಸನ ಹೆಸರಿನ ಹಾಗಿದೆ ಅಲ್ವಾ? ವಿದೇಶಿ ಪತ್ರಕರ್ತರಿಗೆ ಹಬ್ಬ. 1997ರ ನವೆಂಬರ್‌ನಲ್ಲಿ ಹೆಸರು ಬದಲಾಯಿತು, ರಾಜ್ಯ ಶಾಂತಿ ಮತ್ತು ಅಭಿವೃದ್ಧಿ ಮಂಡಳಿ ಅಂತ. ಕಾನೂನು, ಸುವ್ಯವಸ್ಥೆ ಹೋಗಿ ಶಾಂತಿ, ಅಭಿವೃದ್ಧಿ ಬಂತು. ಆಡಳಿತದ ಸೂತ್ರ ಮಾತ್ರ ಸೇನೆಯ ಕೈಯಲ್ಲೇ ಉಳಿಯಿತು.

ಇಲ್ಲಿ ಒಂದು ಪ್ರಶ್ನೆ ಬರಬಹುದು. ಹೆಸರು ಏನಿದ್ದರೇನು? ಎಲ್ಲರಿಗೂ ಗೊತ್ತು ಇದು ಸೇನಾಡಳಿತ ಅಂತ. ಇಷ್ಟೊಂದು ಕೂದಲು ಸೀಳೋದು ಯಾಕೆ?

ಸರಿಯಾದ ಪ್ರಶ್ನೆ. ಎರಡು ಉತ್ತರ ಇವೆ. ಮೊದಲನೆಯದು ದುಡ್ಡು ಮತ್ತು ರಾಜತಾಂತ್ರಿಕತೆ. ಚುನಾಯಿತ ಸರ್ಕಾರವನ್ನು ಸೇನೆ ಕಿತ್ತೆಸೆದರೆ ಆ ದೇಶಕ್ಕೆ ನೆರವು ನಿಲ್ಲಿಸಬೇಕು ಅಂತ ಅಮೆರಿಕದ ಕಾನೂನಿನಲ್ಲಿದೆ. ಹಾಗಾಗಿ "ಕೂ" ಅನ್ನೋ ಒಂದು ಪದ ಹೇಳೋದಾ ಬೇಡವಾ ಅನ್ನೋದೇ ಅಲ್ಲಿ ನೀತಿ. 2013ರಲ್ಲಿ ಈಜಿಪ್ಟ್‌ನಲ್ಲಿ ಸೇನೆ ಅಧಿಕಾರ ಹಿಡಿದಾಗ ಅಮೆರಿಕ ಆ ಪದ ಬಳಸದೆ ಜಾರಿಕೊಂಡಿತು. 2014ರಲ್ಲಿ ಥಾಯ್ಲೆಂಡ್ ವಿಷಯದಲ್ಲಿ ಬಳಸಿತು, ಸೇನಾ ನೆರವಿನ ಒಂದು ಭಾಗವನ್ನು ತಡೆಹಿಡಿಯಿತು.

ಎರಡನೇ ಉತ್ತರ ಆ ದೇಶದ ಜನರದ್ದು. ಸಙೋಪ್ ಅನ್ನೋ ಪದ ಬರೀ ಹೆಸರಿನಲ್ಲಿ ಇರಲಿಲ್ಲ, ಅದೇ ಆಡಳಿತದ ರೀತಿಯೂ ಆಯ್ತು. ಐದು ಅಥವಾ ಹೆಚ್ಚು ಜನ ರಾಜಕೀಯ ಉದ್ದೇಶಕ್ಕೆ ಸೇರುವಂತಿಲ್ಲ. ಹಂಗರ್ ಗೇಮ್ಸ್ ಸಿನಿಮಾದಲ್ಲಿ ಬರೋ ಮೂರು ಬೆರಳಿನ ವಂದನೆ ಮಾಡಿದವರನ್ನು ಎಳೆದೊಯ್ದರು. 2014ರ ಜೂನ್‌ನಲ್ಲಿ ಬ್ಯಾಂಕಾಕ್‌ನ ಒಂದು ಮಾಲ್ ಹೊರಗೆ ಸ್ಯಾಂಡ್‌ವಿಚ್ ತಿನ್ನುತ್ತಾ ಜಾರ್ಜ್ ಆರ್ವೆಲ್‌ನ 1984 ಕಾದಂಬರಿ ಓದಿದ್ದಕ್ಕೆ ಒಬ್ಬ ವಿದ್ಯಾರ್ಥಿಯನ್ನು ಹಿಡಿದರು. ಘೋಷಣೆ ಇಲ್ಲ, ಕಲ್ಲು ಇಲ್ಲ. ಸುಮ್ಮನೆ ಓದಿದ್ದು. ಭಿನ್ನವಾಗಿ ಮಾತಾಡಿದ ಲೇಖಕರನ್ನು, ಅಧ್ಯಾಪಕರನ್ನು, ಪತ್ರಕರ್ತರನ್ನು ಕರೆಸಿ ಸೇನಾ ಶಿಬಿರಗಳಲ್ಲಿ ಇರಿಸಿಕೊಂಡರು. ಅದಕ್ಕಿಟ್ಟ ಹೆಸರು "ಪ್ರಾಪ್ ಥತ್ಸನಖತಿ". ಥತ್ಸನ ಅಂದರೆ ದರ್ಶನ, ಖತಿ ಅಂದರೆ ಗತಿ. ನೋಡುವ ಬಗೆಯನ್ನು ಸರಿಪಡಿಸೋದು! ನಾಗರಿಕರ ಮೇಲೆ ಸೇನಾ ನ್ಯಾಯಾಲಯಗಳಲ್ಲಿ ಮೊಕದ್ದಮೆ ನಡೆದವು. ಜೊತೆಗೆ "ಜನರಿಗೆ ಸುಖವನ್ನು ಮರಳಿಸುವ" ಅಭಿಯಾನ. ಅಲ್ಲಿ ಬಳಸಿದ "ಸುಕ್" ಪದವೂ ನಮ್ಮ "ಸುಖ"ವೇ. ಸಂಗೀತ ಕಾರ್ಯಕ್ರಮ, ಉಚಿತ ಸಿನಿಮಾ, ಉಚಿತ ಕ್ಷೌರ.

ಇಂಗ್ಲಿಷಿನಲ್ಲಿ ಪೀಸ್ ಅಂತ ಓದಿದವರಿಗೆ ಇವೆಲ್ಲ ಹೆಸರಿಗೂ ನಡತೆಗೂ ತಾಳೆಯಾಗದ ಬೂಟಾಟಿಕೆ ಅನ್ನಿಸುತ್ತೆ. ಥಾಯ್ ಹೆಸರನ್ನು ಸರಿಯಾಗಿ ಓದಿದವರಿಗೆ ಹಾಗನ್ನಿಸೋದಿಲ್ಲ. ಹೆಸರಿನಲ್ಲಿ ಏನು ಹೇಳಿದ್ದರೋ ಅದನ್ನೇ ಮಾಡಿದ್ದಾರೆ. ಸದ್ದು ಅಡಗಿಸುತ್ತೇವೆ ಅಂದರು, ಅಡಗಿಸಿದರು. ಸುಳ್ಳು ಬೆರೆತದ್ದು ಅನುವಾದದಲ್ಲಿ. ಈ ಒಂದು ಮಾತಿಗಾಗಿಯೇ ನಾನು ಈ ಕಂತು ಮಾಡಬೇಕು ಅಂದುಕೊಂಡೆ.

"ಕೌನ್ಸಿಲ್" ಪದದ ಬಗ್ಗೆಯೂ ಎರಡು ಮಾತು. ಥಾಯ್‌ನಲ್ಲಿ ಚರ್ಚೆ ಮಾಡುವ ಸಭೆಗೆ ಬೇರೆಯೇ ಪದ ಇದೆ, "ಸಪಾ", ನಮ್ಮ ಸಭೆ. ಸಂಸತ್ತು ಸಪಾ. ಸೇನೆಯವರು ಆ ಪದ ತೆಗೆದುಕೊಳ್ಳಲಿಲ್ಲ, ಗಣ ಅಂದರು. ಆ ಮಟ್ಟಿಗೆ ಪ್ರಾಮಾಣಿಕರು. ಇನ್ನೊಂದು ವಿಷಯ. 1932ರ ಜೂನ್ 24ರಂದು ನಿರಂಕುಶ ಅರಸೊತ್ತಿಗೆಯನ್ನು ಕೊನೆಗೊಳಿಸಿದ ಗುಂಪಿನ ಹೆಸರು "ಖನ ರಾತ್ಸದೋನ್". ಇದನ್ನು ಇಂಗ್ಲಿಷಿಗೆ ಪೀಪಲ್ಸ್ ಪಾರ್ಟಿ ಅಂತ ಅನುವಾದಿಸುತ್ತಾರೆ. ಅದೇ ಖನ ಒಮ್ಮೆ ಪಾರ್ಟಿ, ಒಮ್ಮೆ ಕೌನ್ಸಿಲ್. ಅವತ್ತು ಅರಸರಿಗೆ ಸಂವಿಧಾನದ ಮಿತಿ ಹಾಕಿದವರೂ ಗಣ, ಆಮೇಲೆ ಸಂವಿಧಾನ ಹರಿದವರೂ ಗಣ. ಥಾಯ್ ಭಾಷೆಯಲ್ಲಿ ಅವರೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. 2020ರಲ್ಲಿ ಬೀದಿಗಿಳಿದ ಯುವಜನ ತಮ್ಮ ಚಳವಳಿಗೆ ಮತ್ತೆ ಇದೇ ರಾತ್ಸದೋನ್ ಹೆಸರನ್ನು ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಈಗ ನಮ್ಮ ಮನೆಗೆ ಬರೋಣ. ಥಾಯ್ಲೆಂಡ್ ಸುದ್ದಿ ನಮಗೆ ಬರೋದು ಇಂಗ್ಲಿಷ್ ಮೂಲಕ. ಅಂದರೆ ನಾವು ಓದೋದು ಅನುವಾದದ ಅನುವಾದ. ಅದಿರಲಿ, ಸೇನೆ ಅಧಿಕಾರ ಹಿಡಿಯುವುದಕ್ಕೆ ಕನ್ನಡ ಪತ್ರಿಕೆಗಳಲ್ಲಿ ಬಳಸುವ ಪದ ಯಾವುದು? ಕ್ಷಿಪ್ರಕ್ರಾಂತಿ. ಈ ಪದವನ್ನು ಒಮ್ಮೆ ಬಿಡಿಸಿ ನೋಡಿ. ಬೇಗ ಆದ ಕ್ರಾಂತಿ! ಹಸಿರು ಕ್ರಾಂತಿ, ಕ್ಷೀರ ಕ್ರಾಂತಿ, ಸಮಾಜದ ಕ್ರಾಂತಿ ಅಂತ ನಾವು ಕ್ರಾಂತಿಗೆ ಒಂದು ಮೆಚ್ಚುಗೆ ಇಟ್ಟುಕೊಂಡಿದ್ದೇವೆ. ಅದರಲ್ಲಿ ಸ್ವಲ್ಪ ಮೆಚ್ಚುಗೆ ಟ್ಯಾಂಕಿನ ಮೇಲೆ ಕೂತವರಿಗೂ ಹೋಗುತ್ತೆ. ಸರಿತ್ ತಮ್ಮ ಗುಂಪನ್ನು ಪತಿವತ್ ಅಂದದ್ದಕ್ಕೂ ನಾವು ಕ್ಷಿಪ್ರಕ್ರಾಂತಿ ಅನ್ನೋದಕ್ಕೂ ಹೆಚ್ಚು ದೂರ ಇಲ್ಲ. ಇನ್ನೊಂದು ಪದ ಸೇನಾ ದಂಗೆ. ಅದೂ ಪೂರ್ತಿ ಸರಿಯಲ್ಲ. ದಂಗೆ ಅಂದರೆ ಕೆಳಗಿನವರು ಮೇಲಿನವರ ವಿರುದ್ಧ ಏಳೋದು. ಇಲ್ಲಿ ಸೈನಿಕರು ತಮ್ಮ ಜನರಲ್ ಮಾತು ಮೀರಿಲ್ಲ, ಪಾಲಿಸಿದ್ದಾರೆ. ಮೀರಿದವರು ಜನರಲ್, ಅದೂ ಸಂವಿಧಾನವನ್ನು.

ಥಾಯ್ ಭಾಷೆಯಲ್ಲಿ ಇದಕ್ಕೆ ಒಂದು ನೇರ ಪದ ಇದೆ: ರತ್ತಪ್ರಹಾನ್. ರಾಷ್ಟ್ರ, ಪ್ರಹಾರ. ಇಂಗ್ಲಿಷ್ ಎರವಲು ಪಡೆದ ಫ್ರೆಂಚ್ ಪದದಲ್ಲೂ ಇರೋದು ಇದೇ ಹೊಡೆತ. ಅಲ್ಲಿ ಮಾತಿನಲ್ಲಿ ಪತಿವತ್ ಅಂತಲೂ ಹೇಳ್ತಾರೆ. ಆದರೆ ಸೇನೆಯನ್ನು ಟೀಕಿಸುವವರು ಬೇಕೆಂದೇ ರತ್ತಪ್ರಹಾನ್ ಅನ್ನೋ ಪದವನ್ನೇ ಹಿಡಿಯುತ್ತಾರೆ. ಮರಣದಂಡನೆಗೂ ಅಲ್ಲಿ ಇದೇ ಪ್ರಹಾರ ಪದ ಬಳಕೆಯಾಗುತ್ತೆ, "ಪ್ರಹಾನ್ ಚೀವಿತ್", ಜೀವದ ಮೇಲಿನ ಪ್ರಹಾರ. ಕನ್ನಡದಲ್ಲಿ ಹೊಸ ಪದ ಹುಟ್ಟಿಸಿ ಅಂತ ನಾನು ಹೇಳ್ತಿಲ್ಲ. "ಸೇನೆ ಅಧಿಕಾರ ಕಿತ್ತುಕೊಂಡಿತು" ಅಂದರೆ ಸಾಕು. ಎಲ್ಲರಿಗೂ ಅರ್ಥ ಆಗುತ್ತೆ, ಯಾರಿಗೂ ಮೆಚ್ಚುಗೆ ಹೋಗಲ್ಲ.

ಎನ್‌ಸಿಪಿಒ ಕೊನೆಗೆ ಏನಾಯ್ತು ಅಂತ ಹೇಳದೆ ಮುಗಿಸಿದರೆ ಸರಿ ಹೋಗಲ್ಲ. 2019ರ ಮಾರ್ಚ್ 24ರಂದು ಚುನಾವಣೆ ನಡೀತು, ಪ್ರಯುತ್ ಮತ್ತೆ ಪ್ರಧಾನಿ ಆದರು, ಜುಲೈ 16ರಂದು ಹೊಸ ಸಂಪುಟ ಪ್ರಮಾಣ ತೆಗೆದುಕೊಂಡಾಗ ಆ ಗಣ ಅಧಿಕೃತವಾಗಿ ಕೊನೆಯಾಯ್ತು. ಹೆಸರು ಹೋಯ್ತು. ಆದರೆ ಅದು ಆರಿಸಿದ್ದ 250 ಸೆನೆಟರ್‌ಗಳು ಉಳಿದರು, ಪ್ರಧಾನಿಯನ್ನು ಆರಿಸುವಾಗ ಮತ ಹಾಕುವ ಹಕ್ಕಿನೊಂದಿಗೆ. 2023ರ ಚುನಾವಣೆಯಲ್ಲಿ ಅತಿ ಹೆಚ್ಚು ಸ್ಥಾನ ಗೆದ್ದ ಪಕ್ಷದ ನಾಯಕ ಪಿತಾ ಲಿಮ್‌ಜರೋನ್‌ರತ್ ಪ್ರಧಾನಿ ಆಗಲಿಲ್ಲ. ಹೆಚ್ಚಿನ ಸೆನೆಟರ್‌ಗಳು ಅವರಿಗೆ ಮತ ಹಾಕಲಿಲ್ಲ, ಸಂಖ್ಯೆ ಸಾಲಲಿಲ್ಲ. ಹೆಸರು ಅಳಿಸಿ ನಾಲ್ಕು ವರ್ಷ ಆದ ಮೇಲೂ ಆ ಗಣದ ಕೈ ಕೆಲಸ ಮಾಡ್ತಾ ಇತ್ತು, ಸದ್ದಿಲ್ಲದೆ.

ಮುಂದಿನ ಸಲ ನಿಮ್ಮ ಫೋನಿನಲ್ಲಿ ಯಾವುದೋ ದೇಶದ ಯಾವುದೋ ಶಾಂತಿ ಮಂಡಳಿ, ಭದ್ರತಾ ಮಂಡಳಿ, ರಕ್ಷಣಾ ಮಂಡಳಿಯ ಸುದ್ದಿ ಬಂದಾಗ ಒಂದು ನಿಮಿಷ ನಿಲ್ಲಿ. ಆ ಹೆಸರು ಅವರ ಸ್ವಂತ ಭಾಷೆಯಲ್ಲಿ ಏನಿದೆ, ಇಂಗ್ಲಿಷಿಗೆ ಬರುವಾಗ ಯಾವ ಪದ ಸೇರಿತು, ಯಾವುದು ಬಿಟ್ಟುಹೋಯಿತು ಅಂತ ಹುಡುಕಿ. ಆ ಭಾಷೆ ಬಲ್ಲ ಒಬ್ಬರು ಸಿಕ್ಕರೆ ಕೇಳಿ. ಬಿಟ್ಟುಹೋದ ಆ ಪದದ ಹಿಂದೆ ಒಂದು ರಸ್ತೆ ಇರಬಹುದು, ಅಲ್ಲಿ 52 ಜನ ಇರಬಹುದು.